ಹಿಂದಿನ ಸೀಟು

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಹಮ್ಮ ಹೇಳುತ್ತಿದ್ದಳು. ಅದಕ್ಕೇ ಮದುವೆಯಾದಂದಿನಿಂದ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಅವನು ನನಗೆ ಮಾಡಿದ್ದನ್ನು ನೆನೆದಾಗಲೆಲ್ಲ, ಒಂದೆರಡು ದಿನ ಕಡಿಮೆಯಾದರೆ ಆಗಲಿ ಎನ್ನಿಸುತ್ತದೆ. ಸೋಮ. ನನ್ನ ಗಂಡನ ಹೆಸರು ಸೋಮ. ನನ್ನದು ಮಂಜಿ.

ಹೊನ್ನಾವರದ ಹೊಳೆ ದಾಟಿದರೆ ಸಿಗುವ ಕಾಸರಕೋಡಿನ ಟೊಂಕಾದಲ್ಲಿ ನಮ್ಮ ಮನೆ. ಬೆಳಿಗ್ಗೆ ಬಂದರಿಗೆ ಹೋಗಿ ಮೀನು ಕೊಂಡು, ಐಸು ಹಾಕಿ, ಮಂಕಿಯ ಕೇರಿಗಳಲ್ಲಿ ಮಾರುವುದು ನಮ್ಮ ಕೆಲಸ. ಮೊದಲು ನಾನು ಬುಟ್ಟಿ ಹೊತ್ತು ನಡೆಯುತ್ತಿದ್ದೆ. ಸೋಮ ಬೋಟಿನ ಕೆಲಸ ಬಿಟ್ಟು ಹಳೆಯದೊಂದು ಮೋಟರ್‌ಸೈಕಲ್ಲು ತಂದ ಮೇಲೆ ಅದರ ಹಿಂದೆ ಕೂತೆ. ಗಾಡಿಯ ಹಿಂಬದಿಗೆ ಕಬ್ಬಿಣದ ಚೌಕಟ್ಟು ವೆಲ್ಡಿಂಗ್ ಮಾಡಿಸಿ, ಅದರ ಮೇಲೆ ಮೀನಿನ ಕ್ರೇಟು ಕಟ್ಟುತ್ತಿದ್ದೆವು. ಮುಂದೆ ಗಂಡ, ಹಿಂದೆ ಮೀನು, ನಡುವಿನ ಒಂದು ಮೊಳ ಜಾಗದಲ್ಲಿ ನಾನು. ಐಸಿನ ನೀರು ಸೊಂಟಕ್ಕೆ ತಟತಟ ಬೀಳುತ್ತಿತ್ತು. ಆದರೂ ಹೆದ್ದಾರಿಯಲ್ಲಿ ಹೋಗುವಾಗ, ಬುಟ್ಟಿ ಹೊತ್ತು ನಡೆಯುವ ಹೆಂಗಸರನ್ನು ನೋಡಿಯೂ ನೋಡದವಳ ಹಾಗೆ ಕೂತಿರುತ್ತಿದ್ದೆ. ಅವರಿಗೆ ಹೊಟ್ಟೆ ಉರಿಯುತ್ತದೆ ಎಂದು ಗೊತ್ತಿತ್ತು. ಉರಿಯಲಿ ಎಂದೇ ಸೆರಗು ಸಿಕ್ಕಿಸದೆ ಗಾಳಿಗೆ ಬಿಡುತ್ತಿದ್ದೆ.

ಕೂಗುವುದು ನನ್ನ ಪಾಲಿನ ಕೆಲಸ. ಪೂಂ ಪೂಂ ಹಾರ್ನು ಎಲ್ಲ ಮೀನಿನವರ ಗಾಡಿಗೂ ಇದೆ. ನಾನು ಮನೆಮನೆಯ ಹೆಂಗಸರನ್ನು ಹೆಸರು ಹಿಡಿದು ಕರೆಯುವವಳು. ಕೆಳಗಿನಕೇರಿಯ ಮೊದಲ ಮನೆ ಗಣಪಕ್ಕನದು. "ಗಣಪಕ್ಕಾ, ಬಾರೇ! ಬಂಗ್ಡೆ ಅದೆ, ಕಣ್ ಬಿಟ್ಕಂಡೇ ಅದೆ! ಬಾರೇ ಗಣಪಕ್ಕಾ!" ಎಂದು ತಿರುವಿನಲ್ಲೇ ಶುರು ಮಾಡಿದರೆ ಅವಳು ತಾಟು ಹಿಡಿದು ಬೇಲಿಗೆ ಬಂದಿರುತ್ತಿದ್ದಳು. ಬೋಣಿ ಅವಳ ಕೈಯದೇ ಆಗಬೇಕು. ಚೌಕಾಸಿ ಮಾಡಿ, ಬೈದು, ಕೊನೆಗೆ ಕೊಸರಿಗೆಂದು ಒಂದು ಮೀನು ತಾನೇ ಎತ್ತಿಕೊಂಡು ಹೋಗುವ ಹೆಂಗಸು. ಅವಳ ಗಂಡ ದೇವಪ್ಪಣ್ಣನಿಗೆ ಕಿವಿ ಮಂದ.

ಯಾರನ್ನು ಕರೆಯಬೇಕು ಎನ್ನುವುದಕ್ಕಿಂತ ಯಾರನ್ನು ಕರೆಯಬಾರದು ಎನ್ನುವುದು ಮೀನಿನವರಿಗೆ ತಿಳಿದಿರಬೇಕು. ಒಂದು ಮನೆಯಲ್ಲಿ ಸೋಮವಾರದ ಒಪ್ಪತ್ತು, ಇನ್ನೊಂದರಲ್ಲಿ ಇಡಗುಂಜಿಗೆ ಹರಕೆ. ಸಾವಾದ ಮನೆಯ ಮುಂದಂತೂ ಬಾಯಿ ಬಿಡುವಂತಿಲ್ಲ, ಹಾರ್ನು ಒತ್ತುವಂತಿಲ್ಲ. ಸೂತಕ ಕಳೆಯುವವರೆಗೆ ಗಾಡಿಯ ಸದ್ದನ್ನೂ ತಗ್ಗಿಸಿಕೊಂಡು ದಾಟಬೇಕು. ಸೋಮನಿಗೆ ಇದೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಹಿಂದಿನಿಂದ ಅವನ ಬೆನ್ನಿಗೆ ತಿವಿದರೆ ಸುಮ್ಮನಾಗುತ್ತಿದ್ದ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದವನು ಭಾಸ್ಕರ.

ಭಾಸ್ಕರ ಸೋಮನ ಚಿಕ್ಕಪ್ಪನ ಮಗ, ನನಗೆ ಮೈದುನ. ಪಕ್ಕದ್ದೇ ಮನೆ. ಅವನೂ ಗಾಡಿಯಲ್ಲಿ ಮೀನು ಮಾರುವವನೇ, ಅವನ ಕೇರಿಗಳು ಶಿರಾಲಿಯ ಕಡೆ. ಸಿಡಿ ಬಂದು ಕ್ಯಾಸೆಟ್ಟುಗಳು ಅಗ್ಗವಾದ ವರ್ಷ ಅದು, ಚೌತಿ ಕಳೆದಿತ್ತು. ಒಂದು ದಿನ ಅವನ ಗಾಡಿ ಹಾಡುತ್ತ ಅಂಗಳಕ್ಕೆ ಬಂತು. ಅರ್ಧ ಕ್ರೇಟು ತೆಗೆದು, ಆ ಜಾಗದಲ್ಲಿ ಟೇಪು ಮತ್ತು ಸ್ಪೀಕರು ಕೂರಿಸಿದ್ದ. ಸಿನಿಮಾ ಪದ. ಕೇರಿಯ ಮಕ್ಕಳೆಲ್ಲ ಸುತ್ತ ನಿಂತರು. ನನ್ನ ಅತ್ತೆ ಹಮ್ಮ ಕೂಡ ಬಲೆ ಬಿಟ್ಟು ಎದ್ದು ಹೋಗಿ ನೋಡಿ ಬಂದಳು.

ಮರುದಿನ ಬಾವಿಕಟ್ಟೆಯಲ್ಲಿ ಭಾಸ್ಕರನ ಹೆಂಡತಿ ಸುಷ್ಮಾ ಹಗ್ಗ ಬಿಡುತ್ತ ಹೇಳಿದಳು. "ನಮ್ಮನೆವ್ರ ಗಾಡಿ ಬಂತಂದ್ರೆ ಶಿರಾಲಿಲಿ ಅಂಗ್ಡಿ ಜನ ಸುದ್ದಾ ಹೊರಗ್ ಬತ್ರಂತೆ ಅಕ್ಕಾ. ನಿಮ್ ಗಾಡಿ ಇನ್ನೂ ಪೂಂ ಪೂಂ ಅಂತದೆ, ಅಲ್ದಾ?"

ಅವಳು ಮೀನು ಮುಟ್ಟುವವಳಲ್ಲ. ಮನೆಯಲ್ಲಿ ನೈಟಿ ಹಾಕಿಕೊಂಡು, ಕೈಗೆ ವಾಸನೆ ಹತ್ತದ ಹಾಗೆ ಇರುವವಳು. ಅವಳು ಹೇಳಿದ್ದು ಕೇಳಿ ನನಗೆ ಕೊಡಪಾನವನ್ನೇ ಬಾವಿಗೆ ಎಸೆಯುವಷ್ಟು ಸಿಟ್ಟು ಬಂತು. ಮನೆಗೆ ಬಂದರೆ ಸೋಮ ಗಂಜಿಯ ಮುಂದೆ ಉಣ್ಣದೆ ಕೂತಿದ್ದ. ಅವನ ಹೊಟ್ಟೆಯೂ ತುಂಬಿತ್ತು, ನನ್ನಂತೆಯೇ, ಬೆಂಕಿಯಿಂದ.

"ಅರ್ಧ ಕ್ರೇಟ್ ಮೀನ್ ಬಿಟ್ಟು ಪದ ಹಾಕೂದ್ ಎಂತಾ ದೊಡ್ಡಸ್ತಿಕೆ?" ಎಂದ. "ಕ್ರೇಟೂ ತುಂಬಿರ್ಬೇಕು, ಪದಾನೂ ಬರ್ಬೇಕು. ಹಂಗ್ ಮಾಡಿದ್ರೆ ಅದು ಗಂಡಸ್ತನ."

"ಮಾಡಿ ತೋರ್ಸು ಹಂಗಾರೆ," ಎಂದೆ. ಸುಷ್ಮಾಳ ಮೂತಿ ಸಣ್ಣದಾಗುವುದನ್ನು ನೋಡಬೇಕಿತ್ತು ನನಗೆ.

ಅಲ್ಲಿಂದ ಅವನಿಗೆ ಬೇರೆ ಯೋಚನೆ ಇಲ್ಲ. ಭಟ್ಕಳದ ಬಜಾರಿಗೆ ಹೋಗಿ, ದುಬೈ ಸಾಮಾನು ಮಾರುವ ಅಂಗಡಿಯಿಂದ ಕಾರಿಗೆ ಹಾಕುವ ಟೇಪು, ದೊಡ್ಡ ಎರಡು ಸ್ಪೀಕರು ತಂದ. ಟೇಪನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟಿ ನೋಡಿದ. ಹ್ಯಾಂಡಲ್ಲು ತಿರುಗಿಸಿದರೆ ಗುದ್ದುತ್ತಿತ್ತು. ಸ್ಪೀಕರನ್ನು ಕಾಲಿನ ಗಾರ್ಡಿಗೆ ಕಟ್ಟಿದರೆ ರಸ್ತೆಯ ಕೆಸರೆಲ್ಲ ಅದರ ಬಾಯಿಗೆ. ಕ್ರೇಟಿನ ಅಡಿಗೆ ತೂಗುಹಾಕಿದರೆ ಮೀನಿನ ಉಪ್ಪುನೀರು ಸುರಿದು ಒಂದೇ ದಿನಕ್ಕೆ ಅದರ ದನಿ ಬಿದ್ದುಹೋಯಿತು. ಕ್ರೇಟಿನ ಹಿಂದೆ ಕಟ್ಟಿದರೆ ಗಾಡಿಯ ಮೂತಿಯೇ ಮೇಲೇಳುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎಂದು ಹಮ್ಮ ನಕ್ಕಳು. ಕ್ರೇಟನ್ನು ಒಂದು ಬೆರಳು ಚಿಕ್ಕದು ಮಾಡೋಣವೆಂದರೆ ಸೋಮ ಕೇಳಲೊಲ್ಲ. ಹಾಗೆ ಮಾಡಿದರೆ ಭಾಸ್ಕರನಿಗೆ ಸೋತ ಹಾಗೆ.

ಕೊನೆಗೆ ಕುಮಟೆಗೆ ಹೊರಟೆವು. ಅಲ್ಲಿ ನಿತ್ಯಾನಂದ ಎಂಬವನ ರೇಡಿಯೋ ರಿಪೇರಿ ಅಂಗಡಿ ಇತ್ತು. ಮದುವೆ ಮನೆಗಳಿಗೆ ಮೈಕು ಕಟ್ಟುವವನೂ ಅವನೇ. ಬಾಯಿ ತೆರೆದರೆ ತಾನು ಮಾಡದ್ದಿಲ್ಲ, ತನಗೆ ಬಾರದ್ದಿಲ್ಲ. ನಾನು ಗಾಡಿಯಿಂದ ಇಳಿದು ಅಂಗಡಿಯ ನೆರಳಿಗೆ ನಿಂತೆ. ಅವನು ಟೇಪು ಹಿಡಿದುಕೊಂಡು ಗಾಡಿಗೆ ಸುತ್ತು ಬಂದ. ಹಿಂದೆ ನೋಡಿದ, ಮುಂದೆ ನೋಡಿದ. ಆಮೇಲೆ ಸೀಟಿನ ಮೇಲೆ ಅಂಗೈ ಬಡಿದ.

"ಇಷ್ಟ್ ದೊಡ್ ಜಾಗ ಖಾಲಿ ಬಿಟ್ಕಂಡು ಜಾಗ ಇಲ್ಲ ಅಂತ್ಯಲ್ಲ ಮಾರಾಯಾ!"

ನಾನು ಕೂತಿದ್ದ ಜಾಗ. ನಾನು ಇಳಿದು ಅದಿನ್ನೂ ತಣ್ಣಗಾಗಿರಲಿಲ್ಲ.

ಸೋಮ ನನ್ನತ್ತ ನೋಡಲಿಲ್ಲ. ಸೀಟಿನತ್ತ ನೋಡಿದ. ಅವನ ಮುಖ ಅರಳಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

"ಅಲ್ಲಿ ನಾ ಕೂರ್ತೆ," ಎಂದೆ.

"ನೀ ಟೆಂಪೋಲಿ ಬಾ," ಎಂದ ಸೋಮ. "ಒಂದ್ ನಾಕ್ ದಿವ್ಸ. ಆಮೇಲ್ ನೋಡ್ವ."

"ಪೆಟ್ಗೆ ಮೇಲೇ ಕೂತ್ರೆ ಎಂತಾತದೆ?"

"ಒಳಗಿನ್ ಪೇಪರ್ ಹರ್ದೋತದೆ ಅಕ್ಕಾ," ಎಂದ ನಿತ್ಯಾನಂದ, ಬಹಳ ಕನಿಕರದಿಂದ. ಸ್ಪೀಕರಿನ ಪೇಪರಿನ ಮೇಲೆ ಅವನಿಗೆ ಎಷ್ಟು ಕನಿಕರ!

ಎರಡು ದಿನದಲ್ಲಿ ಗಾಡಿ ತಯಾರಾಯಿತು. ಪ್ಲೈವುಡ್ಡಿನ ಪೆಟ್ಟಿಗೆಗೆ ಕಪ್ಪು ರೆಕ್ಸಿನ್ ಹೊದಿಸಿ, ಬಲಕ್ಕೊಂದು ಎಡಕ್ಕೊಂದು ಸ್ಪೀಕರು ಇಟ್ಟು, ಸೀಟಿಗೆ ಬೋಲ್ಟು ಹಾಕಿ ಬಿಗಿದಿದ್ದರು. ಟೇಪು, ಅದಕ್ಕೆಂದೇ ಬೇರೆ ಬ್ಯಾಟರಿ, ಸ್ವಿಚ್ಚು ಎಲ್ಲವನ್ನೂ ನೀರು ಹೋಗದ ತಗಡಿನ ಡಬ್ಬಿಯಲ್ಲಿ ಮುಚ್ಚಿ ಕ್ರೇಟಿನ ಅಡಿಗೆ ಕೂರಿಸಿದ್ದರು. ಮುಟ್ಟಬೇಕೆಂದರೆ ಕ್ರೇಟು ಇಳಿಸಬೇಕು. ಆದರೆ ಯಾಕೆ ಮುಟ್ಟಬೇಕು? "ಒಂದ್ ಕಡೆ ಮುಗ್ದ್ರೆ ತನ್ನಷ್ಟಕ್ಕೇ ತಿರುಗ್ತದೆ. ಗಾಡಿ ಬಂದಾದ್ರೂ ಪದ ಬಂದಾಗೂದಿಲ್ಲ!" ಎಂದು ನಿತ್ಯಾನಂದ ಎದೆಯುಬ್ಬಿಸಿದ. ಕ್ರೇಟು ಒಂದು ಬೆರಳೂ ಕಿರಿದಾಗಿರಲಿಲ್ಲ. ಸಾಮಾನಿಗೂ ಜಾಗ, ಸಂಗೀತಕ್ಕೂ ಜಾಗ. ಹೆಂಡತಿಗೆ ಜಾಗ ಇಲ್ಲ ಎನ್ನುವುದು ಯಾರ ಲೆಕ್ಕಕ್ಕೂ ಬರಲಿಲ್ಲ.

ಭಾಸ್ಕರ ಬಂದು ನೋಡಿ, ಹೋಗಿ ತನ್ನ ಮನೆಯ ಬಾಗಿಲು ಹಾಕಿಕೊಂಡ. ಸೋಮ ಆ ದಿನ ಹೊಟ್ಟೆ ಬಿರಿಯುವಷ್ಟು ಉಂಡ. ನಾನು ಒಲೆಯ ಮುಂದೆ ಕೂತು ಆ ಪೆಟ್ಟಿಗೆಗೆ ಶಾಪ ಹಾಕಿದೆ. ಸವತಿಯೊಬ್ಬಳು ಬಂದಿದ್ದರೆ ಜಡೆ ಹಿಡಿದು ಎಳೆಯಬಹುದಿತ್ತು. ಇದಕ್ಕೆ ಜಡೆಯೂ ಇಲ್ಲ.

ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸಿಕೊಳ್ಳುವುದಿಲ್ಲ. ಟೆಂಪೋದ ಹಿಂಬದಿಯಲ್ಲಿ, ಹಿಂದೆ ನಾನು ನೋಡಿಯೂ ನೋಡದೆ ದಾಟುತ್ತಿದ್ದ ಅದೇ ಹೆಂಗಸರ ನಡುವೆ, ಬುಟ್ಟಿ ಇಟ್ಟುಕೊಂಡು ನಿಂತೆ. ಗಂಗಿ ಎಂಬವಳು ಸರಿದು ಜಾಗ ಕೊಟ್ಟಳು. "ಎಂತಾ ಮಂಜಿ, ಇಳ್ದ್ ಬಂದ್ಯಾ?" ಎಂದಳು. ಉಳಿದವರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಷ್ಟರಲ್ಲಿ ಸೋಮನ ಗಾಡಿ ಚೆಂಡೆ ಬಾರಿಸುತ್ತ ನಮ್ಮನ್ನು ದಾಟಿ ಹೋಯಿತು.

ಹೌದು, ಚೆಂಡೆ. ಭಾಸ್ಕರನದು ಸಿನಿಮಾ ಪದವಾದರೆ ತನ್ನದು ಯಕ್ಷಗಾನವೇ ಆಗಬೇಕೆಂದು ಸೋಮ ಭಾಗವತಿಕೆಯ ಕ್ಯಾಸೆಟ್ಟು ಹಾಕಿದ್ದ. ಮೂಢ. ನಮ್ಮ ಕಡೆ ಆ ಪದ ಹಾಕಿಕೊಂಡು ಕೇರಿ ಸುತ್ತುವ ಗಾಡಿ ಯಾವುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಟೆಂಟಿನ ಮೇಳದವರ ಪ್ರಚಾರದ ಗಾಡಿ! ಮಂಕಿಯಲ್ಲಿ ಒಬ್ಬ ಹೆಂಗಸೂ ತಾಟು ಹಿಡಿದು ಬರಲಿಲ್ಲ. ಮಕ್ಕಳು ಮಾತ್ರ ಹ್ಯಾಂಡ್‌ಬಿಲ್ಲಿಗೆಂದು ಹಿಂದೆ ಓಡಿದರು. ಗಂಡಸರು ಚಾ ಅಂಗಡಿಯಿಂದ ಕೂಗಿ ಕೇಳಿದರು, "ಇವತ್ತ್ ಎಲ್ಲಿ ಆಟ? ಯಾವ ಪ್ರಸಂಗ?" ಸೋಮ ತುಂಬಿದ ಕ್ರೇಟು ಹೊತ್ತುಕೊಂಡು ಮನೆಗೆ ಬಂದ. ಆ ಸಂಜೆ ಮೀನಿಗೆ ಉಪ್ಪು ಹಾಕುತ್ತ ನಾನು ಒಬ್ಬಳೇ ನಕ್ಕೆ. ಬಹಳ ದಿನದ ಮೇಲೆ ನಗು ಬಂದಿತ್ತು.

ಆದರೆ ಸೋಮ ಪೆಟ್ಟಿಗೆ ಬಿಚ್ಚಲಿಲ್ಲ. ಬಿಚ್ಚಿದರೆ ಭಾಸ್ಕರ ನಗುತ್ತಾನೆ. ಒಂದೆರಡು ದಿನ ಪದ ಬಂದ್ ಮಾಡಿ ಹಾರ್ನು ಒತ್ತಿಕೊಂಡು ಹೋದ, ವ್ಯಾಪಾರ ಅಷ್ಟಕ್ಕಷ್ಟೇ. ಆಮೇಲೆ ಒಂದು ಮಧ್ಯಾಹ್ನ ಕುಮಟೆಗೆ ಹೋಗಿ ಬಂದ. ಬರುವಾಗ ನನಗೆ ಮಲ್ಲಿಗೆ ತಂದಿದ್ದ. ಅವನು ಹೂವು ತರುವ ಗಂಡಸಲ್ಲ.

ಅಂಗಳದಲ್ಲಿ ಮೀನು ಒಣಗಿಸಲು ಹರಡುತ್ತಿದ್ದೆ. ಅವನು ಜಗಲಿಯ ಅಂಚಿಗೆ ಕೂತು, ಪಕ್ಕದಲ್ಲಿ ಟವೆಲು ಇಟ್ಟುಕೊಂಡು, ನನ್ನನ್ನೇ ನೋಡಿದ.

"ಮಂಜಿ, ಒಂದ್ಸಲ ಕೂಗೆ."

"ಎಂತಕೆ?"

"ಕೇಳ್ದೆ ಬಾಳ ದಿವ್ಸ ಆತು. ಕೇರಿಲಿ ಒಬ್ನೇ ಹೋಗೂದು ಬೇಜಾರು."

ನಾನು ಕರಗಿಹೋದೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೇ ಬಂತು. ನಾಳೆ ಪೆಟ್ಟಿಗೆ ಬಿಚ್ಚುತ್ತಾನೆ, ನನ್ನನ್ನು ಕೂರಿಸಿಕೊಳ್ಳುತ್ತಾನೆ ಎಂದುಕೊಂಡೆ. ತಲೆಗೆ ಮಲ್ಲಿಗೆ ಮುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗಿನಕೇರಿಯ ತಿರುವಿನಲ್ಲೇ ನಿಂತವಳ ಹಾಗೆ ಶುರು ಮಾಡಿದೆ. "ಗಣಪಕ್ಕಾ, ಬಾರೇ! ಬಂಗ್ಡೆ ಅದೆ, ಕಣ್ ಬಿಟ್ಕಂಡೇ ಅದೆ!" ಅಲ್ಲಿಂದ ಮುಂದಿನ ಮನೆ, ಅದರ ಮುಂದಿನ ಮನೆ. ಒಂದೊಂದು ಹೆಸರನ್ನೂ ಮತ್ತೆ ಮತ್ತೆ, ಪ್ರೀತಿಯಿಂದ ಕೂಗಿದೆ. ಸುಷ್ಮಾ ತನ್ನ ಬಾಗಿಲಿಗೆ ಬಂದು ನಿಂತಳು. ಅವಳಿಗೆ ಕೇಳಲೆಂದು ಇನ್ನೂ ಗಟ್ಟಿಯಾಗಿ ಕೂಗಿದೆ. ಟವೆಲಿನ ಅಡಿಯಲ್ಲಿ ನಿತ್ಯಾನಂದನ ರೆಕಾರ್ಡು ಮಾಡುವ ಟೇಪು ತಿರುಗುತ್ತಿತ್ತು.

ಅದು ಗೊತ್ತಾದದ್ದು ಮರುದಿನ. ಟೆಂಪೋ ಇಳಿದು, ಬುಟ್ಟಿ ತಲೆಗೇರಿಸಿ, ಕೆಳಗಿನಕೇರಿಯ ದಾರಿ ಹಿಡಿದಿದ್ದೆ. ಮುಂದೆ ಎಲ್ಲೋ ಒಬ್ಬಳು ಮೀನು ಕೂಗುತ್ತಿದ್ದಳು. ನನ್ನ ಕೇರಿಯಲ್ಲಿ ಯಾವಳಿವಳು ಎಂದು ಮೈ ಉರಿಯಿತು. ಕಾಲು ಬೀಸಿ ನಡೆದೆ. ಹತ್ತಿರ ಹೋದಂತೆ ಅವಳು ನನ್ನ ಗಿರಾಕಿಗಳನ್ನೆಲ್ಲ ಹೆಸರು ಹಿಡಿದು ಕರೆಯುವುದು ಕೇಳಿತು. ಕರೆಯುವ ರೀತಿಯೂ ನನ್ನದೇ. ಅದು ನಾನೇ ಎಂದು ತಿಳಿದಾಗ ಬುಟ್ಟಿ ಇಳಿಸಿ ದಾರಿಯ ಬದಿಗೆ ಕೂತುಬಿಟ್ಟೆ.

ಜನ ಬಂದರು. ಬರದೆ ಏನು ಮಾಡುತ್ತಾರೆ, ಅಷ್ಟು ಪ್ರೀತಿಯಿಂದ ಕರೆದರೆ? ಕ್ರೇಟು ಬೇಗ ಖಾಲಿಯಾಯಿತು. ಹಿಂದಿನಿಂದ ನಾನು ನಡೆದು ಹೋದರೆ ಬೇಲಿಬೇಲಿಯಲ್ಲೂ ಅದೇ ಮಾತು. "ಈಗ್ ತಾನೇ ಕರ್ದ್ಯಲ್ಲೆ, ತಕಂಡಾತು." "ನೀ ಗಾಡಿಲಿ ಹೋದ್ಯಲ್ಲೆ, ಮತ್ತೆ ಎಂತಕ್ ಬಂದೆ?" ನನ್ನ ಬುಟ್ಟಿಯ ಮೀನು ಬಿಸಿಲಿಗೆ ಬಾಡಿತು.

ದಿನವೂ ಹೀಗೇ. ಯಾವ ತಿರುವಿಗೆ ಯಾರ ಹೆಸರು ಬರುತ್ತದೆ ಎಂದು ಸೋಮ ಗಾಡಿಯ ವೇಗವನ್ನೂ ಹೊಂದಿಸಿಕೊಂಡಿದ್ದ. ಭಾಸ್ಕರ ಒಮ್ಮೆ ಅಂಗಳಕ್ಕೆ ಬಂದು ಪೆಟ್ಟಿಗೆ ತಟ್ಟಿ ನೋಡಿ, "ಅತ್ಗೆ ದನಿಗೆ ಸಿನ್ಮಾದವ್ರೂ ಸಮ ಇಲ್ಲ ಬಿಡು," ಎಂದ. ಅವನ ಕಣ್ಣಲ್ಲಿ ಕಿಚ್ಚು ಕಂಡು ಸೋಮ ಎರಡಡಿ ಎತ್ತರವಾದ. ಹಮ್ಮ ನೆರೆಯವರಿಗೆಲ್ಲ ಮಗನ ಬುದ್ಧಿಯ ಬಗ್ಗೆ ಹೇಳಿಕೊಂಡು ಬಂದಳು.

ನನ್ನ ಹೊಟ್ಟೆಕಿಚ್ಚನ್ನು ಯಾರಿಗೆ ಹೇಳಲಿ? ಬೇರೆ ಹೆಣ್ಣಾಗಿದ್ದರೆ ಊರು ನನ್ನ ಪರವಾಗಿ ನಿಲ್ಲುತ್ತಿತ್ತು. ಪೆಟ್ಟಿಗೆಯ ಒಳಗಿನ ಅವಳು ಬಿಸಿಲಿಗೆ ಬಾಡುವವಳಲ್ಲ, ಮೊಣಕಾಲು ನೋವು ಇಲ್ಲ, ಸಿಡುಕುವುದಿಲ್ಲ, ಎದುರಾಡುವುದಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದರೂ ಬೇಜಾರಿಲ್ಲದವಳು. ಮಲ್ಲಿಗೆ ಮುಡಿದು, ಗಂಡ ಕರೆದನೆಂದು ಸಂತೋಷದಲ್ಲಿದ್ದ ಹೊತ್ತಿನ ಮಂಜಿ ಅವಳು. ನಾನು ಅವಳ ಹಿಂದೆ ಧೂಳು ಕುಡಿಯುತ್ತ ನಡೆಯುವವಳು. ಅವನಿಗೆ ಅವಳೇ ಸಾಕಾಗಿತ್ತು ಎನ್ನುವುದು ನನ್ನನ್ನು ಸುಟ್ಟಿತು. ನಾನು ಅವನೊಡನೆ ಮಾತು ಬಿಟ್ಟೆ. ಅವನಿಗೆ ಅದು ಗೊತ್ತಾಗಲು ಮೂರು ದಿನ ಹಿಡಿಯಿತು.

ಗಣಪಕ್ಕ ಒಬ್ಬಳು ಮಾತ್ರ ಗಾಡಿಯಿಂದ ಮೀನು ಕೊಳ್ಳಲಿಲ್ಲ. ನಾನು ಬೇಲಿಗೆ ಬಂದಾಗ ಖಾಲಿ ತಾಟು ಹಿಡಿದು ನಿಂತಿರುತ್ತಿದ್ದಳು.

"ನಿನ್ ಗಂಡಂಗೆ ಹೇಳ್ದೆ, ನಿನ್ ಪೆಟ್ಗೆ ಹತ್ರ ಜಗಳಾಡೂಕೆ ಬತ್ತದಾ ಅಂತ. ಬಾಯ್ ಮುಚ್ಕ ಹೋದ," ಎಂದಳು. "ಬೈಸ್ಕಳ್ದೆ ಇದ್ದವ್ಳ ಹತ್ರ ಮೀನ್ ತಕಂಡ್ರೆ ಸಾರು ರುಚಿ ಆತದಾ?"

ನಾನು ಅವಳ ತಾಟಿಗೆ ಎರಡು ಮೀನು ಕೊಸರು ಹಾಕಿದೆ. ಅವಳು ಮೂರನೆಯದನ್ನೂ ಎತ್ತಿಕೊಂಡಳು. ನಾನು ಬಾಯಿ ತುಂಬ ಬೈದೆ. ಬಹಳ ಸಮಾಧಾನವಾಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಟೆಂಪೋ ಮಂಕಿಯ ಹತ್ತಿರ ಬಂದಾಗ ದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಗಂಗಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಕೆಳಗಿನಕೇರಿ ದೇವಪ್ಪನ ಹೆಂಡ್ತಿ ಹೋತು. ಬೆಳ್‌ಗ್ಗೆ ಒಲೆ ಹಚ್ಚೂಕೆ ಕುಂತವ್ಳು ಹಂಗೇ ವಾಲ್ಕಂಡ್ಳಂತೆ."

ಮೊದಲು ನನಗೆ ಅರ್ಥವೇ ಆಗಲಿಲ್ಲ. ನಿನ್ನೆ ಬೈದು ಹೋದ ಗಣಪಕ್ಕ ಇಂದು ಹೇಗೆ ಸಾಯುತ್ತಾಳೆ? ಆಮೇಲೆ ನೆನಪಾಯಿತು. ಸೋಮ ನಮಗಿಂತ ಮುಂದೆ ಹೋಗಿದ್ದ. ಅವನಿಗೆ ಯಾರು ಹೇಳುತ್ತಾರೆ? ಯಾರಾದರೂ ಹೇಳಿದರೂ ಆ ಪೆಟ್ಟಿಗೆಯ ಗದ್ದಲದಲ್ಲಿ ಏನು ಕೇಳುತ್ತದೆ? ಬೆನ್ನಿಗೆ ತಿವಿಯುವವರು ಯಾರಿದ್ದಾರೆ? ಮೊಬೈಲು ಆಗ ಬೋಟಿನ ಮಾಲೀಕರ ಕೈಯಲ್ಲಿ ಮಾತ್ರ ಇತ್ತು.

ಹೊಸದಾಗಿ ಸತ್ತವರನ್ನು ಹೆಸರು ಹಿಡಿದು ಬಾ ಎಂದು ಕರೆಯಬಾರದು. ಹೊರಟ ಜೀವ ತಿರುಗಿ ನೋಡುತ್ತದೆ, ದಾರಿ ತಪ್ಪುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನಾನೂ ನಂಬುತ್ತೇನೆ.

ಬುಟ್ಟಿಯನ್ನು ಗಂಗಿಯ ಕೈಗೆ ಕೊಟ್ಟು ಇಳಿದು ಓಡಿದೆ. ಗದ್ದೆಯ ಹಾಳಿಯ ಮೇಲೆ, ಬದುವಿನಿಂದ ಬದುವಿಗೆ ಅಡ್ಡದಾರಿ ಹಿಡಿದೆ. ಮೊಣಕಾಲು ಚಳಕ್ ಚಳಕ್ ಎನ್ನುತ್ತಿತ್ತು. ದಾರಿಯುದ್ದಕ್ಕೂ ಇಡಗುಂಜಿ ಗಣಪತಿಗೆ ಹರಕೆ ಹೊತ್ತೆ, ಇವತ್ತೊಂದು ದಿನ ಅವನ ಗಾಡಿ ಕೆಟ್ಟು ನಿಲ್ಲಲಿ, ಬ್ಯಾಟರಿ ಸಾಯಲಿ, ಕ್ಯಾಸೆಟ್ಟು ಸಿಕ್ಕಿಕೊಳ್ಳಲಿ. ಕೇರಿಯ ತುದಿಗೆ ಬರುವಷ್ಟರಲ್ಲಿ ನನ್ನ ದನಿ ಕೇಳಿತು.

"ಗಣಪಕ್ಕಾ, ಬಾರೇ! ಬಂಗ್ಡೆ ಅದೆ, ಕಣ್ ಬಿಟ್ಕಂಡೇ ಅದೆ! ಬಾರೇ ಗಣಪಕ್ಕಾ!"

ತಿರುವು ದಾಟಿದ ಮೇಲೆಯೇ ಸೋಮ ಜನರನ್ನು ಕಂಡಿದ್ದ. ಅಂಗಳದಲ್ಲಿ ಗಂಡಸರು ಗುಂಪಾಗಿ ನಿಂತಿದ್ದರು, ಬಿದಿರು ಕಡಿದು ತಂದಿಟ್ಟಿದ್ದರು. ಅವನು ದಾಟಿ ಓಡಬಹುದಿತ್ತು. ಆದರೆ ಇಬ್ಬರು ಬಂದು ಹ್ಯಾಂಡಲ್ಲು ಹಿಡಿದು ನಿಲ್ಲಿಸಿದ್ದರು. "ಬಂದ್ ಮಾಡೋ! ಬಂದ್ ಮಾಡು ಅದ್ನ!" ಎಂದು ಕಿರುಚುತ್ತಿದ್ದರು. ಸೋಮ ಚಾವಿ ತಿರುಗಿಸಿದ. ಎಂಜಿನ್ನು ನಿಂತಿತು. ಮನೆಯ ಮುಂದೆ ಈಗ ನನ್ನ ದನಿ ಇನ್ನೂ ಸ್ಪಷ್ಟವಾಗಿ ಕೇಳಿತು. ಅವನು ಕ್ರೇಟಿನ ಹಗ್ಗ ಬಿಚ್ಚಲು ಹೋದ. ನೀರು ಕುಡಿದ ಗಂಟು, ಬಿಚ್ಚಲು ಬರಲಿಲ್ಲ. ಅಂಗಿ ಕಳಚಿ ಪೆಟ್ಟಿಗೆಗೆ ಹೊದಿಸಿದ. ಅಂಗಿಯ ಒಳಗಿನಿಂದ ನಾನು ಕರೆಯುತ್ತಲೇ ಇದ್ದೆ. ಯಾರೋ ಒಬ್ಬರು ಹಗ್ಗ ಕೊಯ್ದರು. ಕ್ರೇಟು ಓರೆಯಾಗಿ, ಮೀನೆಲ್ಲ ಸಾವಿನ ಮನೆಯ ಬೇಲಿಯ ದಣಪೆಯ ಮುಂದೆ ಸುರಿಯಿತು.

ನಾನು ಹೋಗಿ ಪೆಟ್ಟಿಗೆಯ ಹಿಂದೆ ಕೈ ತೂರಿಸಿ, ಸಿಕ್ಕಿದ ವೈರುಗಳನ್ನೆಲ್ಲ ಹಿಡಿದು ಕಿತ್ತೆ. ಬೆರಳಿಗೆ ಚುರ್ ಎಂದಿತು. "ಗಣಪ" ಎನ್ನುವಲ್ಲಿಗೆ ನಿಂತಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕರೆದವಳು ನಾನೇ ತಾನೆ. ಅಂಗಳದಲ್ಲಿ ಚಾಪೆಯ ಮೇಲೆ ಗಣಪಕ್ಕನನ್ನು ಮಲಗಿಸಿದ್ದರು. ತಲೆಯ ಹತ್ತಿರ ದೇವಪ್ಪಣ್ಣ ಕೂತಿದ್ದ. ಅಷ್ಟು ಹೊತ್ತು ನಡೆದ ಕಿರುಚಾಟ ಯಾವುದೂ ಅವನ ಮಂದ ಕಿವಿಗೆ ಹೋಗಿರಲಿಲ್ಲ ಎಂದು ಕಾಣುತ್ತದೆ, ಸ್ಪೀಕರಿನ ನನ್ನ ದನಿ ಮಾತ್ರ ಹೋಗಿತ್ತು. ಅವನು ಬಾಗಿ ಹೆಂಡತಿಯ ಭುಜ ಅಲುಗಿಸಿದ.

"ಏ, ಏಳೇ. ಮಂಜಿ ಬಂದ್ಲು. ಕೇಳಿಲ್ವಾ? ತಾಟು ತಕಂಡ್ ಹೋಗು."

ಹೆಂಗಸರು ಗೋಳೋ ಎಂದರು. ಅವರ ಸೊಸೆ ರೇಖಾ ಮುದುಕನ ಕೈ ಹಿಡಿದು ಬಿಡಿಸಲು ನೋಡಿದಳು, ಅವನು ಬಿಡಲಿಲ್ಲ. ಮತ್ತೆ ಅಲುಗಿಸಿದ. ನಾನು ಹೊರಗಿನ ಹಂಡೆಯ ನೀರಿನಲ್ಲಿ ಕೈಕಾಲು ತೊಳೆದು ಅಂಗಳಕ್ಕೆ ಹೋದೆ. ತಡೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ತಡೆಯಲಿಲ್ಲ. ರೇಖಾ ಸರಿದು ಕಾಲ ಬುಡದಲ್ಲಿ ಜಾಗ ಮಾಡಿಕೊಟ್ಟಳು.

"ಬಂದೆ ದೇವಪ್ಪಣ್ಣಾ," ಎಂದೆ, ಅವನ ಕಿವಿಯ ಹತ್ತಿರ. "ಅವ್ಳು ಏಳೂದ್ ಬ್ಯಾಡ. ನಾನೇ ಒಳಗ್ ಬಂದೆ." ಅವನು ನನ್ನ ಮುಖ ನೋಡಿದ. ಆಮೇಲೆ ಅಳತೊಡಗಿದ.

ಎಷ್ಟೋ ಹೊತ್ತಿನ ಮೇಲೆ ಎದ್ದು ದಣಪೆಯವರೆಗೆ ಬಂದೆ. ಸೋಮ ಮೀನನ್ನೆಲ್ಲ ಹೆಕ್ಕಿ ತೊಳೆದು ಕ್ರೇಟಿಗೆ ತುಂಬಿದ್ದ. ರಸ್ತೆಗೆ ನೀರು ಹಾಕಿ ತೊಳೆದಿದ್ದ. ಪೆಟ್ಟಿಗೆಯ ಬೋಲ್ಟುಗಳನ್ನು ಬಿಚ್ಚಿ, ಪೆಟ್ಟಿಗೆಯನ್ನು ಗದ್ದೆಯ ಬದಿಗೆ ಇಟ್ಟಿದ್ದ. ಅಂಗಿಯಿಲ್ಲದೆ, ಗಾಡಿ ಹಿಡಿದುಕೊಂಡು ನಿಂತಿದ್ದ. ನನ್ನ ಸೀಟು ಖಾಲಿ ಇತ್ತು.

"ಕೂತ್ಕ," ಎಂದ. ತಲೆ ಎತ್ತಲಿಲ್ಲ.

ಈ ಒಂದು ಮಾತಿಗೆ ನಾನು ಎಷ್ಟು ದಿನ ಕಾದಿದ್ದೆ! ಆ ಖಾಲಿ ಜಾಗ ನೋಡಿ, ಎರಡು ಬೋಲ್ಟಿನ ತೂತು ನೋಡಿ, ಹೋಗಿ ಕೂರಬೇಕು ಎಂದು ಕಾಲು ತುಡಿಯಿತು. ಆದರೆ ಒಳಗೆ ರೇಖಾ ಮಾಡಿಕೊಟ್ಟ ಜಾಗವೂ ಖಾಲಿ ಇತ್ತು. ಅದು ನಾನು ಯಾರೊಡನೆಯೂ ಜಗಳಾಡಿ ಪಡೆದದ್ದಲ್ಲ.

"ನೀ ಹೋಗು," ಎಂದೆ. "ಗಣಪಕ್ಕನ್ನ ಎತ್ತೂವರಿಗೆ ನಾ ಇಲ್ಲೇ ಇರ್ತೆ."

"ಮೀನು?"

"ನಿಂಗೂ ಬಾಯಿ ಅದೆಯಲ್ಲ. ಕೂಗಿ ಮಾರು."

ಅವನು ಗಾಡಿಯನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ, ಆಮೇಲೆ ಹತ್ತಿದ. ನಾನು ಮರಳಿ ಬಂದು ಗಣಪಕ್ಕನ ಕಾಲಬುಡದಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಮೇಲಿನಕೇರಿಯ ಕಡೆಯಿಂದ ಒಂದು ಒಡಕು ದನಿ ಕೇಳಿತು. "ಮೀನೇ... ಮೀನೂ..." ಹೆಸರಿಲ್ಲ, ಲಯವಿಲ್ಲ, ನಾಚಿಕೊಂಡು ನಾಚಿಕೊಂಡು ಕೂಗುವ ದನಿ. ಸ್ವಲ್ಪ ತಡೆದು ಮತ್ತೆ ಕೂಗಿದ. ಸುತ್ತ ಹೆಂಗಸರು ಅಳುತ್ತಿದ್ದರು. ನಾನು ಆ ದನಿಗೆ ಯಾವುದಾದರೂ ಬಾಗಿಲು ತೆರೆಯಿತೇ ಎಂದು ಕಿವಿಗೊಟ್ಟೆ. ಸತ್ತವಳ ಕಾಲು ಹಿಡಿದುಕೊಂಡು ಕೂತೂ, ನಾನು ಕರೆಯದೆ ಯಾರೂ ಬರಬಾರದು, ಒಬ್ಬಳೂ ಬರಬಾರದು ಎಂದುಕೊಂಡೆ.